ಅಪ್ಪ-ಅಮ್ಮನ ಹಲ್ಲಿಗೆ ಈಗಲೇ ಚಿಕಿತ್ಸೆ ಬೇಕು, ವಿಮೆ ಇಲ್ಲ: ಎಲ್ಲಿಂದ ಶುರು ಮಾಡುವುದು?

ಮನೆಯಲ್ಲಿ 65-70 ದಾಟಿದವರಿಗೆ ಹಲ್ಲು ನೋವು ಜೋರಾದ ದಿನ ಮಕ್ಕಳು ಮೊಬೈಲ್ ತೆಗೆದು ಹಿರಿಯರ ಡೆಂಟಲ್ ಇನ್ಶೂರೆನ್ಸ್ ಹುಡುಕಲು ಕೂರುತ್ತಾರೆ. ನಂಬರ್ ಕೊಟ್ಟ ಸ್ವಲ್ಪ ಹೊತ್ತಿಗೇ ಫೋನ್ ಬರುತ್ತದೆ, ‘ಹಲ್ಲಿಗೂ ಕವರ್ ಇದೆ ಸರ್, ಇವತ್ತೇ ತಗೊಳ್ಳಿ’ ಅನ್ನುತ್ತಾರೆ. ದಯವಿಟ್ಟು ಆ ಹೊತ್ತಿನಲ್ಲಿ ದುಡ್ಡು ಕಟ್ಟಬೇಡಿ. ಇವತ್ತು ಕೊಂಡ ಪಾಲಿಸಿ ಇವತ್ತಿನ ಹಲ್ಲು ನೋವಿಗೆ ಕೆಲಸಕ್ಕೆ ಬರುವುದಿಲ್ಲ.

ಯಾಕೆ ಅಂದರೆ, ನಮ್ಮಲ್ಲಿ ಸಿಗುವ ಸಾಮಾನ್ಯ ಆರೋಗ್ಯ ವಿಮೆಗಳಲ್ಲಿ ಹಲ್ಲಿನ ಚಿಕಿತ್ಸೆ ಹೆಚ್ಚಾಗಿ ಹೊರಗೇ ಇರುತ್ತದೆ. ಅಪಘಾತವಾಗಿ, ಆಸ್ಪತ್ರೆಗೆ ಸೇರಿ, ಹಲ್ಲಿಗೋ ದವಡೆಗೋ ಪೆಟ್ಟು ಬಿದ್ದಿದ್ದರೆ ಮಾತ್ರ ಕೊಡುತ್ತಾರೆ. ಓಪಿಡಿ ಕವರ್, ಅಂದರೆ ಅಡ್ಮಿಟ್ ಆಗದೆ ತೋರಿಸಿಕೊಂಡು ಬರುವ ಚಿಕಿತ್ಸೆಗೂ ಕೊಡುವ ಸೌಲಭ್ಯ, ಇರುವ ಕೆಲವು ಪಾಲಿಸಿಗಳಲ್ಲಿ ಹಲ್ಲಿಗೂ ಸ್ವಲ್ಪ ಮೊತ್ತ ಇಟ್ಟಿರುತ್ತಾರೆ, ನಿಜ. ಆದರೆ ಹೊಸ ಪಾಲಿಸಿಯಲ್ಲಿ ಸಾಮಾನ್ಯವಾಗಿ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವ ಕಾಯಿಲೆಗೂ ಕ್ಲೇಮ್ ಇರುವುದಿಲ್ಲ, ಮೊದಲೇ ಇದ್ದ ತೊಂದರೆಗೆ 3 ವರ್ಷದವರೆಗೂ ಕಾಯಿಸಬಹುದು. ನೋವು ಶುರುವಾದ ಮೇಲೆ ಪಾಲಿಸಿ ತೆಗೆದುಕೊಂಡರೆ ಆ ಹಲ್ಲು ‘ಮೊದಲೇ ಇದ್ದ ತೊಂದರೆ’ಯ ಲೆಕ್ಕಕ್ಕೇ ಹೋಗುತ್ತದೆ.

ಹಾಗಂತ ದಾರಿ ಇಲ್ಲ ಅಂತಲ್ಲ. ಚಿಕಿತ್ಸೆಯನ್ನು ಎರಡು ಭಾಗ ಮಾಡಿಕೊಳ್ಳಿ. ಇವತ್ತು ಆಗಲೇಬೇಕಾದದ್ದು ಒಂದು: ನೋವು ನಿಲ್ಲಿಸುವುದು, ಕೀವು ತೆಗೆಯುವುದು, ಉಳಿಯದ ಹಲ್ಲು ಕೀಳುವುದು. ಆಮೇಲೆ ಆದರೂ ನಡೆಯುವುದು ಇನ್ನೊಂದು: ಕ್ಯಾಪ್, ಬ್ರಿಡ್ಜ್, ಹಲ್ಲಿನ ಸೆಟ್. ದೊಡ್ಡ ಖರ್ಚು ಇರುವುದು ಎರಡನೆಯದರಲ್ಲಿ. ಮೊದಲನೆಯದು ಸರಿಯಾದ ಕಡೆ ಹೋದರೆ ಬಹಳ ಕಡಿಮೆಯಲ್ಲಿ ಮುಗಿಯುತ್ತದೆ. ಎರಡಕ್ಕೂ ಒಂದೇ ಕಡೆ, ಒಂದೇ ದಿನ ದುಡ್ಡು ಹೊಂದಿಸಲು ಹೋದಾಗಲೇ ಮನೆಯವರಿಗೆ ಕೈಕಾಲು ಆಡದೆ ಹೋಗುವುದು.

ಮೊದಲು ಇದನ್ನು ನೋಡಿ

ಕೆಲವು ಸಲ ಇದು ಹಲ್ಲಿನ ಕ್ಲಿನಿಕ್‌ನ ಕೆಲಸವೇ ಅಲ್ಲ. ಊತ ಕೆನ್ನೆಯಿಂದ ಇಳಿದು ದವಡೆಯ ಕೆಳಗೆ, ಗಂಟಲಿನ ಕಡೆಗೆ ಬಂದಿದೆಯಾ? ಬಾಯಿ ಎರಡು ಬೆರಳು ಅಗಲವೂ ತೆರೆಯುತ್ತಿಲ್ಲವಾ? ನೀರು ನುಂಗಲು ಕಷ್ಟ, ಜೊಲ್ಲು ಸೋರುತ್ತಿದೆ, ಮಾತು ತೊದಲುತ್ತಿದೆ, ಚಳಿ ಜ್ವರ ಬಂದಿದೆ, ಉಸಿರು ಎಳೆದುಕೊಳ್ಳುತ್ತಿದ್ದಾರೆ ಅಂದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಜಿಲ್ಲಾ ಆಸ್ಪತ್ರೆಗೋ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೋ ಕರೆದುಕೊಂಡು ಹೋಗಿ. ಹಲ್ಲಿನ ಸೋಂಕು ಕುತ್ತಿಗೆಗೆ ಇಳಿದರೆ ಉಸಿರಿನ ದಾರಿಯೇ ಮುಚ್ಚಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಇನ್ನೂ ಬೇಗ ಏರುತ್ತದೆ.

ಇನ್ನೊಂದು ವಿಷಯ. ಕೆಳದವಡೆ ನೋಯುತ್ತಿದೆ ಅನ್ನುತ್ತಾರೆ, ಆದರೆ ಯಾವ ಹಲ್ಲು ಅಂತ ತೋರಿಸಲು ಆಗುತ್ತಿಲ್ಲ. ನಡೆದಾಗ ಜಾಸ್ತಿ, ಕೂತಾಗ ಕಡಿಮೆ. ಜೊತೆಗೆ ಬೆವರು, ಎದೆ ಭಾರ, ಎಡಗೈ ಸೆಳೆತ. ಇದು ಹೃದಯದ ನೋವಾಗಿರಬಹುದು. ಮೊದಲು ಇಸಿಜಿ, ಆಮೇಲೆ ಹಲ್ಲು.

ಹಲ್ಲಿನ ಸೋಂಕು ಏರಿ ಆಸ್ಪತ್ರೆಗೆ ಅಡ್ಮಿಟ್ ಆಗಬೇಕಾಗಿ ಬಂದರೆ, ಮನೆಯಲ್ಲಿರುವ ಆರೋಗ್ಯ ವಿಮೆಯನ್ನು ಬಳಸಲು ಖಂಡಿತ ನೋಡಿ. ‘ಇದು ಡೆಂಟಲ್, ಬರಲ್ಲ’ ಅಂತ ಆಸ್ಪತ್ರೆಯ ಟಿಪಿಎ ಕೌಂಟರ್‌ನಲ್ಲಿ (ವಿಮೆ ಕ್ಲೇಮ್ ನೋಡಿಕೊಳ್ಳುವ ಕಡೆ) ಬಾಯಿಮಾತಿನಲ್ಲಿ ಹೇಳಿದರೆ ಅಲ್ಲಿಗೇ ಬಿಡಬೇಡಿ. ಕುತ್ತಿಗೆಗೆ ಸೋಂಕು ಇಳಿದು, ಡ್ರಿಪ್‌ನಲ್ಲಿ ಔಷಧಿ ಕೊಟ್ಟು, ಕೀವು ತೆಗೆಯಲು ಆಪರೇಷನ್ ಮಾಡುವುದು ಒಂದು ಹಲ್ಲು ಕಿತ್ತು ಮನೆಗೆ ಕಳಿಸಿದ ಹಾಗಲ್ಲ. ಏನಾಗಿದೆ, ಯಾಕೆ ಅಡ್ಮಿಟ್ ಮಾಡಬೇಕಾಯಿತು ಅನ್ನುವುದನ್ನು ಡಾಕ್ಟರ್ ಇದ್ದದ್ದು ಇದ್ದ ಹಾಗೆ, ಪೂರ್ತಿಯಾಗಿ ಬರೆದುಕೊಡಲಿ. 2024ರಲ್ಲಿ ಬಂದ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ನಿಯಮದ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ (ಬಿಲ್ಲನ್ನು ವಿಮಾ ಕಂಪನಿಯೇ ಆಸ್ಪತ್ರೆಗೆ ಕಟ್ಟಲಿ ಅಂತ ಕೇಳುವುದಕ್ಕೆ) ಕಂಪನಿ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು. ಇಲ್ಲ ಅಂದರೆ ಯಾವ ಷರತ್ತಿನ ಪ್ರಕಾರ ಇಲ್ಲ ಅಂತ ಬರಹದಲ್ಲಿ ಕೇಳಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ, ಅಲ್ಲಿ ಬಗೆಹರಿಯದಿದ್ದರೆ ಐಆರ್‌ಡಿಎಐನ ಆನ್‌ಲೈನ್ ದೂರು ತಾಣ ಬಿಮಾ ಭರೋಸಾ ಪೋರ್ಟಲ್, ಅದೂ ಆಗದಿದ್ದರೆ ವಿಮೆ ದೂರುಗಳನ್ನು ವಿಚಾರಿಸುವ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿ. ಅಲ್ಲಿ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.

ಹೊರಡುವ ಮುಂಚೆ ಮಾತ್ರೆಗಳ ಚೀಟಿ

ವಯಸ್ಸಾದವರ ಹಲ್ಲಿನ ಚಿಕಿತ್ಸೆ ತಡವಾಗುವುದು ದುಡ್ಡಿನಿಂದ ಮಾತ್ರ ಅಲ್ಲ. ‘ಬಿಪಿ ಜಾಸ್ತಿ ಇದೆ, ನಾಳೆ ಬನ್ನಿ’, ‘ಹಾರ್ಟ್ ಡಾಕ್ಟರ್ ಹತ್ರ ಬರೆಸ್ಕೊಂಡು ಬನ್ನಿ’ ಅಂತ ವಾಪಸ್ ಕಳಿಸುತ್ತಾರೆ. ನೋವಿನಲ್ಲಿ ಇರುವವರನ್ನು ಎರಡೆರಡು ಸಲ ಅಲೆಸುವುದು ಬೇಡ. ಮೊದಲೇ ತಯಾರಾಗಿ ಹೋಗಿ.

ದಿನಾ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಸ್ಟ್ರಿಪ್ ಒಂದು ಕವರಿಗೆ ಹಾಕಿ. ಇತ್ತೀಚಿನ ಶುಗರ್ ರಿಪೋರ್ಟ್, ಹೃದಯದ ಚಿಕಿತ್ಸೆ ಆಗಿದ್ದರೆ ಡಿಸ್ಚಾರ್ಜ್ ಸಮ್ಮರಿ ಅದರ ಜೊತೆಗೇ ಇರಲಿ. ರಕ್ತ ತೆಳುವಾಗುವ ಮಾತ್ರೆ, ಅಂದರೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ತರಹದ್ದು, ನುಂಗುತ್ತಿದ್ದರೆ ಹೇಳಲೇಬೇಕು. ಆದರೆ ಹಲ್ಲು ಕೀಳಿಸಬೇಕು ಅಂತ ನೀವೇ ಅದನ್ನು ನಿಲ್ಲಿಸಬೇಡಿ. ಸ್ಟೆಂಟ್ ಹಾಕಿಸಿಕೊಂಡವರು ಹಾಗೆ ಸುಮ್ನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ವಾರ್ಫರಿನ್ ಆದರೆ ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅಂತ ನೋಡುವ ಐಎನ್‌ಆರ್ ಪರೀಕ್ಷೆ ಕೇಳುತ್ತಾರೆ. ಹೃದಯದ ಕವಾಟ ಬದಲಾಯಿಸಿದ್ದರೆ ಹಲ್ಲು ಕೀಳುವ ಮುಂಚೆ ಆಂಟಿಬಯೋಟಿಕ್ ಕೊಡಬೇಕಾಗುತ್ತದೆ. ಮೂಳೆ ಸವೆತಕ್ಕೆ ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆಯೋ, ವರ್ಷಕ್ಕೊಂದು ಜೋಲೆಡ್ರೋನಿಕ್ ಇಂಜೆಕ್ಷನ್ನೋ ತೆಗೆದುಕೊಂಡಿದ್ದರೆ ಅದನ್ನೂ ಹೇಳಿ. ಅಂಥವರಿಗೆ ಹಲ್ಲು ಕಿತ್ತ ಜಾಗದಲ್ಲಿ ದವಡೆ ಮೂಳೆ ಮಾಯದೆ ಉಳಿಯುವ ಸಾಧ್ಯತೆ ಇದೆ. ಇದನ್ನು ಮನೆಯವರು ಹೇಳುವುದೇ ಇಲ್ಲ, ‘ಅದು ಮಂಡಿಯ ಔಷಧಿ ಅಲ್ವಾ’ ಅಂದುಕೊಂಡಿರುತ್ತಾರೆ.

ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ಸಿಕ್ಕ ಮಾತ್ರೆ ಕೊಡಬೇಡಿ. ಕಿಡ್ನಿ ತೊಂದರೆ ಇರುವವರಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಒಳ್ಳೆಯದಲ್ಲ. ಲಿವರ್ ತೊಂದರೆ ಇಲ್ಲದಿದ್ದರೆ ಒಂದು ರಾತ್ರಿ ಕಳೆಯಲು ಪ್ಯಾರಾಸಿಟಮಾಲ್ ಸಾಕು. ವಸಡಿನ ಮೇಲೆ ಆಸ್ಪಿರಿನ್ ಮಾತ್ರೆ ಇಟ್ಟುಕೊಳ್ಳುವ ಅಭ್ಯಾಸ ಹಳಬರಲ್ಲಿದೆ, ಅದು ವಸಡನ್ನು ಸುಡುತ್ತದೆ. ‘ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತೆ’ ಅಂತ ಹೆದರಿ ಕೂತಿದ್ದರೆ, ಹಾಗೇನೂ ಆಗುವುದಿಲ್ಲ ಅಂತ ಸಮಾಧಾನವಾಗಿ ಹೇಳಿ. ಆ ಹೆದರಿಕೆಯಿಂದಲೇ ತಿಂಗಳುಗಟ್ಟಲೆ ನೋವು ನುಂಗಿಕೊಂಡವರಿದ್ದಾರೆ.

ನೋವು ಎಷ್ಟಿದೆ ಅಂತ ಅವರ ಬಾಯಿಂದ ಹೊರಡಿಸುವುದೂ ಕಷ್ಟವೇ. ಮುದ್ದೆ ಊಟದ ಮನೆಗಳಲ್ಲಂತೂ ಹಲ್ಲು ಹಾಳಾಗಿದ್ದು ಗೊತ್ತಾಗುವುದು ಬಹಳ ತಡ. ಮುದ್ದೆ ನುಂಗುವುದು ತಾನೇ, ಅಗಿಯುವ ಕೆಲಸವೇ ಇಲ್ಲ. ರೊಟ್ಟಿಯ ಅಂಚನ್ನು ಮುರಿದು ತಟ್ಟೆಯ ಬದಿಗೆ ಇಡುತ್ತಿದ್ದಾರಾ, ಚಪಾತಿಯನ್ನು ಹಾಲಿನಲ್ಲಿ ನೆನೆಸುತ್ತಿದ್ದಾರಾ, ಒಂದೇ ಕಡೆ ಅಗಿಯುತ್ತಿದ್ದಾರಾ, ನೀರು ಕುಡಿಯುವಾಗ ತಲೆ ಓರೆ ಮಾಡುತ್ತಾರಾ, ಗಮನಿಸಿ. ‘ಏನಿಲ್ಲ ಬಿಡು, ಎರಡು ದಿನಕ್ಕೆ ಹೋಗುತ್ತೆ’ ಅನ್ನುವ ಮಾತಿಗಿಂತ ತಟ್ಟೆ ಸರಿಯಾಗಿ ಹೇಳುತ್ತದೆ.

ಇರುವ ಕವರ್ ಯಾವುದು?

ಹೊಸದನ್ನು ಹುಡುಕುವ ಮುಂಚೆ ಮನೆಯಲ್ಲಿ ಈಗಾಗಲೇ ಏನಿದೆ ಅಂತ ನೋಡಿ. ಎಷ್ಟೋ ಮನೆಗಳಲ್ಲಿ ಇರುತ್ತದೆ, ಗೊತ್ತಿರುವುದಿಲ್ಲ.

ಮಗನೋ ಮಗಳೋ ಕಂಪನಿ ಕೆಲಸದಲ್ಲಿದ್ದರೆ ಕಂಪನಿ ಮಾಡಿಸಿರುವ ಗ್ರೂಪ್ ಪಾಲಿಸಿಯಲ್ಲಿ ಅಪ್ಪ-ಅಮ್ಮ ಸೇರಿದ್ದಾರಾ ನೋಡಿ. ಗ್ರೂಪ್ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ವೇಟಿಂಗ್ ಪೀರಿಯಡ್ (ಮೇಲೆ ಹೇಳಿದ ಕಾಯುವ ಅವಧಿ) ತೆಗೆದಿರುತ್ತಾರೆ, ಹಾಗಾಗಿ ತಕ್ಷಣ ಬೇಕಾದವರಿಗೆ ಇದಕ್ಕಿಂತ ಒಳ್ಳೆಯ ದಾರಿ ಖಾಸಗಿ ವಿಮೆಯಲ್ಲಿ ಇಲ್ಲ. ಎಚ್‌ಆರ್‌ಗೆ ‘ಡೆಂಟಲ್ ಕವರ್ ಇದೆಯಾ’ ಅಂತ ಒಂದು ಸಾಲು ಕೇಳಿದರೆ ಇಲ್ಲ ಅಂತ ಒಂದು ಪದದ ಉತ್ತರ ಬರುತ್ತದೆ. ಹೀಗೆ ಕೇಳಿ: ಓಪಿಡಿ ಮೊತ್ತ ಇದೆಯಾ, ಅದು ಅಪ್ಪ-ಅಮ್ಮನಿಗೂ ನಡೆಯುತ್ತಾ, ಹಲ್ಲು ಕೀಳುವುದು ಮತ್ತು ರೂಟ್ ಕೆನಾಲ್ (ಹಲ್ಲಿನ ಒಳಗಿನ ಸೋಂಕು ತೆಗೆದು ಹಲ್ಲು ಉಳಿಸುವುದು) ಸೇರಿದೆಯಾ, ಕ್ಯಾಪ್ ಸೇರಿದೆಯಾ, ಎಕ್ಸ್‌ರೇ ಬಿಲ್ಲಿಗೆ ಕೊಡುತ್ತಾರಾ, ಯಾವ ಕ್ಲಿನಿಕ್‌ಗೆ ಹೋಗಬೇಕು. ವರ್ಷದ ಮಧ್ಯೆ ಅಪ್ಪ-ಅಮ್ಮನನ್ನು ಸೇರಿಸಲು ಸಾಮಾನ್ಯವಾಗಿ ಬಿಡುವುದಿಲ್ಲ, ಆದರೆ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಆಗ ಅವಕಾಶ ಇರುತ್ತದೆ.

ಕೇಂದ್ರ ಸರ್ಕಾರದ ಪಿಂಚಣಿದಾರರಾಗಿದ್ದರೆ ಅವರ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್‌ನ ಕಾರ್ಡ್ ಹೊರತೆಗೆಯಿರಿ. ಹಲ್ಲು ಕೀಳುವುದು, ರೂಟ್ ಕೆನಾಲ್, ಹಲ್ಲಿನ ಸೆಟ್‌ಗೆ ಅಲ್ಲಿ ನಿಗದಿಯಾದ ದರ ಇದೆ, ಪ್ಯಾನೆಲ್‌ನಲ್ಲಿರುವ ಡೆಂಟಲ್ ಕ್ಲಿನಿಕ್‌ಗಳಿವೆ. 70 ದಾಟಿದವರು ರೆಫರಲ್ (ಇನ್ನೊಬ್ಬ ಡಾಕ್ಟರ್ ಕಳಿಸುವ ಚೀಟಿ) ಇಲ್ಲದೆಯೂ ಪ್ಯಾನೆಲ್ ಆಸ್ಪತ್ರೆಯ ತಜ್ಞರನ್ನು ನೇರವಾಗಿ ಕಾಣಬಹುದು. ಮಾಜಿ ಸೈನಿಕರಿಗೆ ಇಸಿಎಚ್‌ಎಸ್ ಅನ್ನುವ ಆರೋಗ್ಯ ಯೋಜನೆ ಇದೆ, ಅದರ ಪಾಲಿಕ್ಲಿನಿಕ್‌ಗಳಲ್ಲಿ ಹಲ್ಲಿನ ಡಾಕ್ಟರೂ ಇರುತ್ತಾರೆ. ಕೊಡಗು, ಬೆಳಗಾವಿ ಕಡೆಯ ಮನೆಗಳಲ್ಲಿ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಗಂಡ ತೀರಿಕೊಂಡಿದ್ದರೂ ಕುಟುಂಬ ಪಿಂಚಣಿ ಬರುವ ಹೆಂಡತಿಗೆ ಈ ಸೌಲಭ್ಯ ಇದೆ, ಕಾರ್ಡ್ ಮಾಡಿಸದೇ ಬಿಟ್ಟಿರುವವರು ವಿಚಾರಿಸಿ.

ಕಾರ್ಮಿಕರ ವಿಮಾ ಯೋಜನೆಯಾದ ಇಎಸ್‌ಐ ಬಗ್ಗೆ ಜಾಸ್ತಿ ಜನಕ್ಕೆ ತಿಳಿದಿಲ್ಲ. ಗಾರ್ಮೆಂಟ್ಸ್, ಕಾರ್ಖಾನೆ, ಸೆಕ್ಯುರಿಟಿ ಕೆಲಸದಲ್ಲಿರುವ ಮಕ್ಕಳ ಸಂಬಳದಿಂದ ಇಎಸ್‌ಐ ಹಿಡಿಯುತ್ತಿದ್ದರೆ, ಅವರನ್ನೇ ನಂಬಿಕೊಂಡಿರುವ ಅಪ್ಪ-ಅಮ್ಮನಿಗೂ ಚಿಕಿತ್ಸೆ ಸಿಗುತ್ತದೆ. ಅವರ ಹೆಸರನ್ನು ಸೇರಿಸಿರಬೇಕು, ಅಷ್ಟೇ. ಇನ್ನು ಇಎಸ್‌ಐನಲ್ಲಿ ಕನಿಷ್ಠ 5 ವರ್ಷ ಇದ್ದು ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ತಾವೂ ಗಂಡ ಅಥವಾ ಹೆಂಡತಿಯೂ ಚಿಕಿತ್ಸೆ ಪಡೆಯಬಹುದು. ತಿಂಗಳಿಗೆ ಹತ್ತು ರೂಪಾಯಿ! ಬೆಂಗಳೂರಿನಲ್ಲಿ ಕಾರ್ಖಾನೆಯಿಂದ ನಿವೃತ್ತರಾದ ಎಷ್ಟೋ ಮಂದಿ ಇದನ್ನು ಮುಂದುವರಿಸಿಯೇ ಇಲ್ಲ.

ಕೈಯಲ್ಲಿ ಏನೂ ಕಾರ್ಡ್ ಇಲ್ಲದಿದ್ದರೆ

ಆಗ ನನ್ನ ಸಲಹೆ ಒಂದೇ: ವಿಮೆ ಮರೆತು ಡೆಂಟಲ್ ಕಾಲೇಜಿಗೆ ಹೋಗಿ. ದೇಶದಲ್ಲಿ ಡೆಂಟಲ್ ಕಾಲೇಜುಗಳು ಹೆಚ್ಚಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಪಕ್ಕ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ. ಬಳ್ಳಾರಿಯಲ್ಲೂ ಸರ್ಕಾರಿ ಕಾಲೇಜಿದೆ. ಖಾಸಗಿಯವು ಮೈಸೂರಿನ ಜೆಎಸ್‌ಎಸ್, ದಾವಣಗೆರೆಯ ಬಾಪೂಜಿ, ಧಾರವಾಡದ ಎಸ್‌ಡಿಎಂ, ಬೆಳಗಾವಿಯ ಕೆಎಲ್‌ಇ, ಮಣಿಪಾಲ, ಮಂಗಳೂರು, ಸುಳ್ಯದ ಕೆವಿಜಿ, ಹಾಸನ, ತುಮಕೂರು, ಶಿವಮೊಗ್ಗ, ಕಲಬುರಗಿ, ವಿಜಯಪುರ, ರಾಯಚೂರು, ಹೀಗೆ ಒಂದೆರಡು ಜಿಲ್ಲೆ ದಾಟುವುದರೊಳಗೆ ಒಂದು ಸಿಗುತ್ತದೆ. ಖಾಸಗಿ ಕಾಲೇಜಿನಲ್ಲೂ ದರ ಹೊರಗಿನ ಕ್ಲಿನಿಕ್‌ಗಿಂತ ಬಹಳ ಕಡಿಮೆ, ಯಾಕೆಂದರೆ ವಿದ್ಯಾರ್ಥಿಗಳಿಗೆ ಕಲಿಯಲು ರೋಗಿಗಳು ಬೇಕು.

ಮೊದಲ ಸಲ ಹೋಗುವವರಿಗೆ ಅಲ್ಲಿ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಬೆಳಿಗ್ಗೆ ಕೌಂಟರ್ ತೆರೆಯುವ ಹೊತ್ತಿಗೇ ಹೋಗಿ ಚೀಟಿ ಮಾಡಿಸಿ. ಯಾವ ನೋವೇ ಇರಲಿ, ಮೊದಲು ಓರಲ್ ಮೆಡಿಸಿನ್ ವಿಭಾಗಕ್ಕೆ ಕಳಿಸುತ್ತಾರೆ. ಅಲ್ಲೊಬ್ಬ ವಿದ್ಯಾರ್ಥಿ ಎದುರು ಕೂತು ಉದ್ದದ ಕೇಸ್ ಶೀಟ್ ತುಂಬಿಸುತ್ತಾರೆ: ಶುಗರ್ ಎಷ್ಟು ವರ್ಷದಿಂದ, ಎಲೆ-ಅಡಿಕೆ ಹಾಕುತ್ತೀರಾ, ನೋವು ರಾತ್ರಿ ಜಾಸ್ತಿಯಾ, ಬಿಸಿ ತಾಗಿದರೆ ಎಷ್ಟು ಹೊತ್ತು ಇರುತ್ತದೆ. ಆಮೇಲೆ ಚಿಕ್ಕ ಕನ್ನಡಿ ಹಿಡಿದು ಒಂದೊಂದೇ ಹಲ್ಲನ್ನು ಎಣಿಸಿ, ಕನ್ನಡಿಯ ಹಿಡಿಯಿಂದ ಮೆತ್ತಗೆ ತಟ್ಟಿ ನೋಡುತ್ತಾರೆ. ಸರಿಯಾದ ಹಲ್ಲಿಗೆ ತಟ್ಟಿದಾಗ ಅಜ್ಜ ಕುರ್ಚಿಯಿಂದ ಸ್ವಲ್ಪ ಎದ್ದೇಬಿಡುತ್ತಾರೆ. ಬಾಯೊಳಗೆ ಪುಟ್ಟ ಫಿಲ್ಮ್ ಇಟ್ಟು ಎಕ್ಸ್‌ರೇ, ಬೇಕಿದ್ದರೆ ಇಡೀ ದವಡೆ ಒಂದೇ ಸಲ ಕಾಣುವ ಓಪಿಜಿ ಎಕ್ಸ್‌ರೇ. ಸೀನಿಯರ್ ಡಾಕ್ಟರ್ ಬಂದು ನೋಡಿ ಸಹಿ ಹಾಕಿದ ಮೇಲೆ, ಕೀಳುವುದಾದರೆ ಓರಲ್ ಸರ್ಜರಿಗೆ, ಉಳಿಸುವುದಾದರೆ ರೂಟ್ ಕೆನಾಲ್ ವಿಭಾಗಕ್ಕೆ.

ಇಷ್ಟಕ್ಕೆ ಅರ್ಧ ದಿನ ಬೇಕು. ಅದಕ್ಕೇ ಹಿರಿಯರನ್ನು ಒಬ್ಬರನ್ನೇ ಕಳಿಸಬೇಡಿ. ತಿಂಡಿ ತಿಂದು, ದಿನದ ಮಾತ್ರೆ ನುಂಗಿಯೇ ಹೊರಡಲಿ. ಖಾಲಿ ಹೊಟ್ಟೆಯಲ್ಲಿ ಕೂತರೆ ಶುಗರ್ ಇಳಿದು ತಲೆ ಸುತ್ತುತ್ತದೆ. ನೋವು ತೀರಾ ಜಾಸ್ತಿ ಇದ್ದರೆ, ಊತ ಇದ್ದರೆ, ಕೌಂಟರ್‌ನಲ್ಲೇ ಬಾಯಿ ಬಿಟ್ಟು ಹೇಳಿ, ಸುಮ್ಮನೆ ಸಾಲಿನಲ್ಲಿ ಕೂರಬೇಡಿ. ‘ಇವತ್ತು ನೋವು ನಿಲ್ಲುವಷ್ಟು ಮಾಡಿಕೊಡಿ, ಉಳಿದದ್ದಕ್ಕೆ ಮತ್ತೆ ಬರುತ್ತೇವೆ’ ಅಂತ ಸ್ಪಷ್ಟವಾಗಿ ಕೇಳಿ. ವಿದ್ಯಾರ್ಥಿಗಳು ಮಾಡುತ್ತಾರಲ್ಲ ಅಂತ ಹಿಂಜರಿಯುವವರಿಗೆ ಒಂದು ಮಾತು: ಹಂತ ಹಂತದಲ್ಲೂ ಮೇಲಿನವರು ನೋಡುತ್ತಾರೆ. ಸಮಯ ಜಾಸ್ತಿ ಹಿಡಿಯುತ್ತದೆ, ಕೆಲಸ ಕೆಡುವುದಿಲ್ಲ.

ಕಾಲೇಜು ದೂರವಾದರೆ ತಾಲೂಕು ಆಸ್ಪತ್ರೆಯಲ್ಲಿ ಹಲ್ಲಿನ ಡಾಕ್ಟರ್ ಯಾವ ದಿನ ಇರುತ್ತಾರೆ ಅಂತ ಕೇಳಿ. ಸರಳವಾಗಿ ಕೀಳುವುದು, ಕೀವಿಗೆ ಚಿಕಿತ್ಸೆ ಅಲ್ಲೇ ಆಗುತ್ತದೆ. ಅದಕ್ಕೆ ಜಿಲ್ಲಾ ಕೇಂದ್ರದವರೆಗೂ ಬಸ್ಸಿನಲ್ಲಿ ಕರೆದುಕೊಂಡು ಹೋಗಬೇಕಿಲ್ಲ.

ಆಯುಷ್ಮಾನ್ ಕಾರ್ಡ್ ಬಗ್ಗೆ ತುಂಬಾ ಜನ ಕೇಳುತ್ತಾರೆ. 2024ರ ಅಕ್ಟೋಬರ್‌ನಲ್ಲಿ 70 ದಾಟಿದ ಎಲ್ಲರಿಗೂ, ಆದಾಯ ನೋಡದೆ, ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆಗೆ ಕೇಂದ್ರದ ಆಯುಷ್ಮಾನ್ ವಯ ವಂದನಾ ಕಾರ್ಡ್ ಶುರುವಾಯಿತು. ನಮ್ಮ ರಾಜ್ಯದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ 5 ಲಕ್ಷ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ನಿಗದಿ ಮಾಡಿದ ದರ) ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಆದರೆ ಇವು ಮುಖ್ಯವಾಗಿ ಅಡ್ಮಿಟ್ ಆಗುವ ಚಿಕಿತ್ಸೆಗೆ. ದವಡೆ ಮುರಿತ, ದವಡೆಯ ಗೆಡ್ಡೆ, ಬಾಯಿ ಕ್ಯಾನ್ಸರ್ ಇಂಥದ್ದಕ್ಕೆ ಉಪಯೋಗಕ್ಕೆ ಬರುತ್ತದೆ. ರೂಟ್ ಕೆನಾಲ್, ಕ್ಯಾಪ್‌ಗೆ ಇದನ್ನು ನಂಬಿ ಹೊರಡಬೇಡಿ. ಆಸ್ಪತ್ರೆಯಲ್ಲಿ ಈ ಯೋಜನೆಗೆ ಸಹಾಯ ಮಾಡಲು ಇರುವ ಆರೋಗ್ಯ ಮಿತ್ರರ ಹತ್ತಿರ ಕಾರ್ಡ್ ತೋರಿಸಿ, ಇಲ್ಲಿ ಈ ಚಿಕಿತ್ಸೆಗೆ ನಡೆಯುತ್ತಾ, ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾ ಅಂತ ಕೇಳಿಯೇ ಮುಂದುವರಿಯಿರಿ. 14555ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಖಾಸಗಿ ಕ್ಲಿನಿಕ್‌ಗೇ ಹೋಗುವುದಾದರೆ

ತಪ್ಪೇನಿಲ್ಲ, ಹತ್ತಿರದಲ್ಲಿರುತ್ತದೆ, ಬೇಗ ಆಗುತ್ತದೆ. ಕುರ್ಚಿಯ ಮೇಲೆ ಕೂತು ಬಾಯಿ ತೆರೆದ ಮೇಲೆ ದರ ಕೇಳಬೇಡಿ. ಮೊದಲೇ ಹೇಳಿ: ‘ಇವತ್ತು ಅಗತ್ಯ ಇರುವುದು ಎಷ್ಟು, ಆಮೇಲಿನದ್ದು ಎಷ್ಟು, ಬೇರೆ ಬೇರೆ ಬರೆದುಕೊಡಿ.’ ಒಳ್ಳೆಯ ಡಾಕ್ಟರ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ರೂಟ್ ಕೆನಾಲ್‌ನಲ್ಲಿ ಮೊದಲ ದಿನ ಹಲ್ಲನ್ನು ತೆರೆದು ಒಳಗಿನ ಸೋಂಕು ತೆಗೆದರೆ ನೋವು ಸಾಕಷ್ಟು ಇಳಿಯುತ್ತದೆ. ಕ್ಯಾಪ್‌ಗೆ ಸ್ವಲ್ಪ ಸಮಯ ಸಿಗುತ್ತದೆ, ಹಾಗಂತ ತಿಂಗಳುಗಟ್ಟಲೆ ಬಿಟ್ಟರೆ ಆ ಹಲ್ಲು ಒಡೆಯುತ್ತದೆ. ಇಂಪ್ಲಾಂಟ್ (ದವಡೆ ಮೂಳೆಗೆ ಸ್ಕ್ರೂ ಕೂರಿಸಿ ಕಟ್ಟುವ ಹಲ್ಲು) ಅಂತ ಹೇಳಿದರೆ ಅವತ್ತೇ ಒಪ್ಪಿಕೊಳ್ಳಬೇಡಿ, ಅದು ತುರ್ತಿನ ಕೆಲಸ ಅಲ್ಲ, ಇನ್ನೊಬ್ಬ ಡಾಕ್ಟರನ್ನು ಕೇಳಿ. ಬಡ್ಡಿ ಇಲ್ಲದ ಇಎಂಐ ಅಂದರೆ ಪ್ರೊಸೆಸಿಂಗ್ ಫೀ ಎಷ್ಟು, ಚಿಕಿತ್ಸೆ ಮಧ್ಯದಲ್ಲಿ ನಿಂತರೆ ಕಂತು ಏನಾಗುತ್ತದೆ ಅಂತ ಓದಿಯೇ ಸಹಿ ಹಾಕಿ.

ಎಲ್ಲ ಹಲ್ಲೂ ಹೋಗಿ ಸೆಟ್ ಬೇಕಾದ ಬಿಪಿಎಲ್ ಕುಟುಂಬದ ಹಿರಿಯರಿಗೆ ರಾಜ್ಯ ಸರ್ಕಾರದ ದಂತ ಭಾಗ್ಯ ಯೋಜನೆ ಇದೆ, ಸೆಟ್ ಉಚಿತ. ಡೆಂಟಲ್ ಕಾಲೇಜುಗಳ ಮೂಲಕವೇ ಮಾಡಿಸಿಕೊಡುತ್ತಾರೆ. ರೇಷನ್ ಕಾರ್ಡ್, ಆಧಾರ್ ತೆಗೆದುಕೊಂಡು ಹೋಗಿ ವಿಚಾರಿಸಿ. ಹಲ್ಲು ಕಿತ್ತ ಮರುದಿನವೇ ಸೆಟ್ ಆಗುವುದಿಲ್ಲ, ವಸಡು ಮಾಯಬೇಕು, ಅಳತೆಗೆ ನಾಲ್ಕೈದು ಸಲ ಓಡಾಡಬೇಕು. ಹೊಸ ಸೆಟ್ ಒತ್ತಿ ಹುಣ್ಣಾದರೆ ಡಬ್ಬಿಗೆ ಹಾಕಿಟ್ಟುಬಿಡಬೇಡಿ, ಅಲ್ಲಿಗೇ ವಾಪಸ್ ಹೋದರೆ ಆ ಜಾಗ ಉಜ್ಜಿ ಸರಿ ಮಾಡಿಕೊಡುತ್ತಾರೆ.

ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ಅಪ್ಪ-ಅಮ್ಮನಿಗೆ ಹೊರಡುವ ಒಂದೆರಡು ತಿಂಗಳ ಮುಂಚೆಯೇ ಇಲ್ಲಿ ಹಲ್ಲು ತೋರಿಸಿಬಿಡಿ. ವಿಸಿಟರ್ ಇನ್ಶೂರೆನ್ಸ್‌ನಲ್ಲಿ ಹಲ್ಲಿಗೆ ಕೊಡುವುದು ಹಠಾತ್ ನೋವಿಗೆ, ಅದೂ ಸಣ್ಣ ಮೊತ್ತ. ಅಲ್ಲೇ ನೆಲೆಸಿರುವ ಹಿರಿಯರಿಗೆ ಸಿಗುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ನ ಮೂಲ ಯೋಜನೆಯಲ್ಲೂ ಸಾಮಾನ್ಯ ಹಲ್ಲಿನ ಚಿಕಿತ್ಸೆ ಇಲ್ಲ. ಅಲ್ಲಿ ಸಿಕ್ಕಿಹಾಕಿಕೊಂಡರೆ ಆದಾಯಕ್ಕೆ ತಕ್ಕಂತೆ ದರ ಹಾಕುವ ಕಮ್ಯುನಿಟಿ ಹೆಲ್ತ್ ಸೆಂಟರ್, ಇಲ್ಲವೇ ಊರಿನ ಡೆಂಟಲ್ ಸ್ಕೂಲ್ ಹುಡುಕಿ.

ನೋವು ನಿಂತ ಮೇಲೆ ಮುಂದಿನ ವರ್ಷಗಳಿಗಾಗಿ ಓಪಿಡಿ ಕವರ್ ಇರುವ ಪಾಲಿಸಿ ನೋಡಬಹುದು. 2024ರ ಏಪ್ರಿಲ್‌ನಿಂದ 65 ದಾಟಿದವರಿಗೂ ಹೊಸ ಪಾಲಿಸಿ ಕೊಡಲು ನಿಯಮದಲ್ಲಿ ತಡೆ ಇಲ್ಲ. ಈಗ ಆದ ಚಿಕಿತ್ಸೆಯನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ, ಆಮೇಲೆ ದೊಡ್ಡ ಕ್ಲೇಮ್ ಬಂದಾಗ ಅದೇ ಮುಳುವಾಗುತ್ತದೆ. ವರ್ಷದ ಕಂತು ಎಷ್ಟು, ಹಲ್ಲಿಗೆ ಸಿಗುವುದು ಎಷ್ಟು ಅಂತ ಪಕ್ಕಪಕ್ಕ ಬರೆದು ನೋಡಿ. ಎಷ್ಟೋ ಸಲ ಆ ಕಂತಿನ ದುಡ್ಡನ್ನು ಬೇರೆ ಖಾತೆಯಲ್ಲಿ ಹಲ್ಲಿಗೆ ಅಂತಲೇ ಎತ್ತಿಡುವುದು ಮೇಲು. ಬಿಲ್‌ಗಳನ್ನು ಎಸೆಯಬೇಡಿ. 60 ದಾಟಿದ, ಯಾವ ಆರೋಗ್ಯ ವಿಮೆಯೂ ಇಲ್ಲದ ಅಪ್ಪ-ಅಮ್ಮನ ಚಿಕಿತ್ಸೆಗೆ ಮಕ್ಕಳು ಖರ್ಚು ಮಾಡಿದ್ದಕ್ಕೆ, ಎಲ್ಲರೂ 80ಡಿ ಅಂತ ಕರೆಯುವ ಆದಾಯ ತೆರಿಗೆ ವಿನಾಯಿತಿಯಲ್ಲಿ ವರ್ಷಕ್ಕೆ 50,000 ರೂಪಾಯಿವರೆಗೆ ಲೆಕ್ಕ ತೋರಿಸಬಹುದು. ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ, ಮತ್ತು ನಗದು ಕೊಟ್ಟದ್ದು ನಡೆಯುವುದಿಲ್ಲ, ಆದ್ದರಿಂದ ಕ್ಲಿನಿಕ್‌ನಲ್ಲಿ ಯುಪಿಐನಲ್ಲೋ ಕಾರ್ಡಿನಲ್ಲೋ ಕೊಟ್ಟು, ರೋಗಿಯ ಹೆಸರಿರುವ ರಸೀದಿ ಕೇಳಿ ತೆಗೆದುಕೊಳ್ಳಿ.